ಮೊದಲ ಮಣೆ: ಮನೆಯಲ್ಲಿ ಮರಗೆಲಸ ಶುರುಮಾಡುವವರಿಗೆ

ಮರಗೆಲಸ ಕಲಿಯಬೇಕೆಂಬ ಆಸೆ ಹುಟ್ಟಿದ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗಿ ಸಲಕರಣೆ ತರುತ್ತಾರೆ. ನೂರು ಬಿಡಿಭಾಗಗಳ ಡ್ರಿಲ್ ಪೆಟ್ಟಿಗೆ, ಆರು ಉಳಿಗಳ ಜೊತೆ, ಕೊಯ್ಯುವ ಯಂತ್ರ ಎಲ್ಲವೂ ಮನೆ ಸೇರಿದ ಮೇಲೆ ಮರ ಹುಡುಕುತ್ತಾರೆ. ಏನು ಮಾಡುವುದೆಂದು ಯೋಚಿಸುವುದು ಕಟ್ಟಕಡೆಗೆ. ಅಷ್ಟರಲ್ಲಿ ದುಡ್ಡೂ ಖರ್ಚಾಗಿರುತ್ತದೆ, ಹುರುಪೂ ಇಳಿದಿರುತ್ತದೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗಾಮುರುಗಾ. ಮೊದಲು ಮಾಡುವ ವಸ್ತುವನ್ನು ಗೊತ್ತುಮಾಡಿಕೊಳ್ಳಿ. ಅದಕ್ಕೆ ಬೇಕಾದಷ್ಟು ಮರ ತನ್ನಿ. ಆ ಮರಕ್ಕೆ ಬೇಕಾದಷ್ಟೇ ಸಲಕರಣೆ ಕೊಳ್ಳಿ, ಕೊಂಡದ್ದನ್ನು ಹರಿತವಾಗಿ ಇಟ್ಟುಕೊಳ್ಳಿ.

ಮೊದಲ ವಸ್ತುವಾಗಿ ನಾನು ಸೂಚಿಸುವುದು ಮಣೆ. ಊಟಕ್ಕೆ, ಪೂಜೆಗೆ ಹಾಕಿಕೊಂಡು ಕೂರುತ್ತೇವಲ್ಲ, ಅದೇ ಮಣೆ. ಒಂದು ಹಲಗೆ, ಅದರಡಿ ಎರಡು ಅಡ್ಡಪಟ್ಟಿ. ನೋಡಲು ಇಷ್ಟೇ. ಆದರೆ ಅಳೆಯುವುದು, ಕೊಯ್ಯುವುದು, ಹತ್ತರಿ ಹೊಡೆಯುವುದು, ತೂತು ಕೊರೆಯುವುದು, ಜೋಡಿಸುವುದು, ಎಣ್ಣೆ ಹಚ್ಚುವುದು ಎಲ್ಲವೂ ಇದರಲ್ಲಿ ಬರುತ್ತದೆ. ಒಣಗಿದ ಮೇಲೂ ಮರ ಅಗಲದಲ್ಲಿ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ ಎಂಬ ದೊಡ್ಡ ಪಾಠವನ್ನು ಇದರಷ್ಟು ಚೆನ್ನಾಗಿ ಕಲಿಸುವ ಸಣ್ಣ ವಸ್ತು ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಹಂತ 1: ಅಳತೆ ಕಾಗದದ ಮೇಲೆ ಬರಲಿ

ಮಣೆಯ ಹಲಗೆ 18 ಇಂಚು ಉದ್ದ, 10 ಇಂಚು ಅಗಲ. ದಪ್ಪ 1 ಇಂಚು. ಹತ್ತರಿ ಹೊಡೆದ ಮೇಲೆ ಅದು 22 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಅಡ್ಡಪಟ್ಟಿಗಳು ಎರಡು: ತಲಾ 9 ಇಂಚು ಉದ್ದ, ಒಂದೂವರೆ ಇಂಚು ಎತ್ತರ, ದಪ್ಪ ಹಲಗೆಯಷ್ಟೇ. ಹಲಗೆಯ ಎರಡೂ ತುದಿಗಳಿಂದ 3 ಇಂಚು ಒಳಗೆ ಈ ಪಟ್ಟಿಗಳು ಅಡ್ಡಲಾಗಿ ಕೂರುತ್ತವೆ. ಪಟ್ಟಿ ಹಲಗೆಯ ಅಗಲಕ್ಕಿಂತ 1 ಇಂಚು ಗಿಡ್ಡ ಇರುವುದರಿಂದ ಪ್ರತಿ ಬದಿಯಲ್ಲೂ ಅರ್ಧ ಇಂಚು ಒಳಸರಿದು, ಮೇಲಿನಿಂದ ಕಣ್ಣಿಗೆ ಬೀಳುವುದಿಲ್ಲ.

ಕಾಗದದ ಮೇಲೆ ಚಿತ್ರ ಬರೆಯುವಾಗ ನಾರಿನ ದಿಕ್ಕನ್ನೂ ಗೆರೆ ಎಳೆದು ತೋರಿಸಿ. ಹಲಗೆಯ ನಾರು 18 ಇಂಚಿನ ಉದ್ದಕ್ಕೆ ಓಡಬೇಕು, ಪಟ್ಟಿಯ ನಾರು ಅದರ 9 ಇಂಚಿನ ಉದ್ದಕ್ಕೆ ಓಡಬೇಕು. ಹೀಗೆ ಎರಡರ ನಾರೂ ಒಂದಕ್ಕೊಂದು ಅಡ್ಡ ಬರುತ್ತದೆ. ಇದು ಬಲಕ್ಕೆ ಒಳ್ಳೆಯದು. ತೊಡಕು ಇರುವುದೂ ಇಲ್ಲೇ. ಅದನ್ನು ಬಿಡಿಸುವ ಬಗೆಯನ್ನು ಜೋಡಣೆಯ ಹಂತದಲ್ಲಿ ಹೇಳುತ್ತೇನೆ.

18 ಮತ್ತು 9 ಸೇರಿದರೆ 27 ಇಂಚು. ಹಲಗೆಯ ತುದಿಗಳು ಸಾಮಾನ್ಯವಾಗಿ ಬಿರುಕು ಬಿಟ್ಟಿರುತ್ತವೆ, ಅಭ್ಯಾಸಕ್ಕೂ ಒಂದು ತುಂಡು ಬೇಕು. ಹಾಗಾಗಿ 3 ಅಡಿ ಉದ್ದದ ಹಲಗೆ ಕೊಳ್ಳಿ. ಟಿಂಬರ್ ಅಂಗಡಿಯಲ್ಲಿ ಮರದ ಲೆಕ್ಕ ಘನ ಅಡಿಯಲ್ಲಿ. ಅಲ್ಲಿ ಸಿಎಫ್‌ಟಿ ಎನ್ನುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ನಮ್ಮ ಹಲಗೆಗೆ 3 × 10 × 1 = 30, ಅದನ್ನು 144ರಿಂದ ಭಾಗಿಸಿದರೆ 0.21 ಘನ ಅಡಿ. ಇದು ಗೊತ್ತಿದ್ದರೆ ಅಂಗಡಿಯವರು ಹೇಳುವ ದರ ನಿಮ್ಮ ಹಲಗೆಗೆ ಎಷ್ಟಾಗುತ್ತದೆಂದು ಅಲ್ಲೇ ನಿಂತು ಹೇಳಬಲ್ಲಿರಿ.

ಹಂತ 2: ಮರ ಆರಿಸುವುದು

ಮಣೆಗೆ ನನ್ನ ಮೊದಲ ಆಯ್ಕೆ ಹಲಸು. ನಮ್ಮಲ್ಲಿ ತಲೆತಲಾಂತರದಿಂದ ಮಣೆಗೆ ಬಂದ ಮರ, ವೀಣೆಗೂ ಮೃದಂಗಕ್ಕೂ ಇದೇ ಮರ. ಅತಿ ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹೊಸ ಕೈಗೆ ಒಗ್ಗುತ್ತದೆ. ಬಲಿತ ಮರದ ಚೇಗಿಗೆ ಗೆದ್ದಲಿನ ಕಾಟ ಕಡಿಮೆ. ಕೊಯ್ದಾಗ ಅರಿಸಿನದಂತೆ ಕಾಣುವ ಹಳದಿ ಬೆಳಕಿಗೆ ಒಡ್ಡಿಕೊಂಡಂತೆಲ್ಲ ಕಂದಾಗುತ್ತ ಹೋಗುತ್ತದೆ. ಆ ಬಣ್ಣ ಬರಲು ಬೇರೆ ಬಣ್ಣ ಹಚ್ಚಬೇಕಿಲ್ಲ.

ತೇಗ ಸಿಕ್ಕರೆ ಅದೂ ಸರಿಯೇ. ತೇಗದ ಗುಣ ಎಲ್ಲರಿಗೂ ಗೊತ್ತು. ಎರಡು ತೊಂದರೆಗಳು ಮಾತ್ರ ಕಲಿಯುವವರ ಕಿವಿಗೆ ಬೀಳುವುದಿಲ್ಲ. ಅದರಲ್ಲಿ ಮರಳಿನ ಅಂಶ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಅದರ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಹಚ್ಚುವ ಮೊದಲು ಆ ಜಾಗವನ್ನು ಥಿನ್ನರ್ ಬಟ್ಟೆಯಿಂದ ಒರೆಸಬೇಕು. ಹೊನ್ನೆ, ಮತ್ತಿ ಬಾಳಿಕೆ ಬರುವ ಮರಗಳು, ಆದರೆ ಕೈ ಸಲಕರಣೆಗೆ ಬಲು ಗಟ್ಟಿ, ಎರಡನೆಯ ವರ್ಷಕ್ಕಿರಲಿ. ಕೊಡಗು, ಚಿಕ್ಕಮಗಳೂರಿನ ಕಡೆಯವರಿಗೆ ಕಾಫಿ ತೋಟದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ. ಕೊಯ್ದ ಮುಖದ ಮೇಲೆ ಅದರ ಚುಕ್ಕೆ ಚುಕ್ಕೆ ಹೊಳಪು ಬಹಳ ಚೆಂದ. ಆದರೆ ಹುಳು ಹಿಡಿಯುವ ಮರವಾದ್ದರಿಂದ ಔಷಧ ಕೊಟ್ಟು ಒಣಗಿಸಿದ್ದನ್ನೇ ಕೇಳಿ ತನ್ನಿ. ರಬ್ಬರ್ ಮರಕ್ಕೂ ಇದೇ ಮಾತು. ಪ್ಯಾಕಿಂಗ್ ಪೆಟ್ಟಿಗೆ ಒಡೆದ ಪೈನ್ ಹಲಗೆ ಅಭ್ಯಾಸಕ್ಕೆ ಸಾಕು.

ಹಳೆಯ ಮನೆ ಕೆಡವಿದ ಕಡೆ ಸಿಗುವ ಬಾಗಿಲು, ಕಿಟಕಿ, ತೊಲೆಯ ಮರವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಎಷ್ಟೋ ದಶಕ ಒಣಗಿ ನೆಲೆ ನಿಂತ ಮರ ಅದು. ಹೊಸ ಹಲಗೆಯಷ್ಟು ತಿರುಚಿಕೊಳ್ಳುವುದಿಲ್ಲ. ಒಳಗೆ ಮುರಿದ ಮೊಳೆ ಅಡಗಿರುತ್ತದೆ, ಅದೊಂದೇ ಎಚ್ಚರ ಬೇಕಾದದ್ದು. ಬಲವಾದ ಒಂದು ಅಯಸ್ಕಾಂತವನ್ನು ಹಲಗೆಯ ಮೇಲೆಲ್ಲ ಆಡಿಸಿ ನೋಡಿ, ಮೊಳೆ ಇದ್ದಲ್ಲಿ ಅದು ಎಳೆಯುತ್ತದೆ.

ಗಂಧ, ಬೀಟೆಯ ಗೋಜಿಗೆ ಹೋಗಬೇಡಿ. ಯಾವ ಮರವಾದರೂ ರಸೀದಿ ಪಡೆದೇ ಕೊಳ್ಳಿ. ನಿಮ್ಮದೇ ಹಿತ್ತಲಿನ ಮರ ಕಡಿಸುವುದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನೇಕ ಜಾತಿಗಳಿಗೆ ಅನುಮತಿ ಬೇಕು. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕೈಯಲ್ಲಿರುವ ತುಂಡು ಯಾವ ಜಾತಿಯದೆಂಬ ಗೊಂದಲವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರ ಗುರುತಿಸುವ ಕೆಲಸ ಅಲ್ಲಿ ನಡೆಯುತ್ತದೆ.

ಅಂಗಡಿಯಲ್ಲಿ ಹಲಗೆಯನ್ನು ಹೀಗೆ ಪರೀಕ್ಷಿಸಿ. ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ. ಬಾಗಿದ್ದರೆ, ತಿರುಚಿದ್ದರೆ ತಟ್ಟನೆ ತಿಳಿಯುತ್ತದೆ. ಸ್ವಲ್ಪ ಬಾಗಿದ್ದನ್ನು ಸರಿಪಡಿಸಬಹುದು. ತಿರುಚಿಕೊಂಡದ್ದನ್ನು ಮೊದಲ ಕೆಲಸಕ್ಕೆ ಆರಿಸಬೇಡಿ. ಬಳಿಕ ತುದಿಯ ಉಂಗುರಗಳನ್ನು ನೋಡಿ. ಉಂಗುರಗಳ ನಟ್ಟನಡುವಿನ ಮೆತ್ತಗಿನ ತಿರುಳು ಹಲಗೆಯೊಳಗೇ ಇದ್ದರೆ ಅದು ಇಂದಲ್ಲ ನಾಳೆ ಸೀಳುತ್ತದೆ. ಹೊರಗಿನ ಬಿಳಿ ಭಾಗವನ್ನು ಹುಳು ಮೊದಲು ತಿನ್ನುತ್ತದೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಸೂಜಿಯ ಮೊನೆಯಷ್ಟು ತೂತು, ಅದರಡಿ ಹಿಟ್ಟಿನಂಥ ಪುಡಿ ಕಂಡರೆ ಆ ಹಲಗೆಯನ್ನು ಮುಟ್ಟಬೇಡಿ, ಹುಳು ಇನ್ನೂ ಒಳಗಿದೆ. ಗಟ್ಟಿಯಾಗಿ ಕೂತ ಗಂಟು ಒಂದೆರಡಿದ್ದರೆ ಅಡ್ಡಿಯಿಲ್ಲ, ಅಂಚಿನಲ್ಲಿ ಮಾತ್ರ ಬೇಡ.

ಪ್ಲೈವುಡ್ ಮಣೆಗೆ ಹೊಂದುವುದಿಲ್ಲ, ಆದರೆ ಮುಂದೆ ಕಪಾಟಿಗೆ ಬೇಕಾಗುತ್ತದೆ. 8 × 4 ಅಡಿ ಹಾಳೆಯ ಮೇಲೆ ಐಎಸ್ಐ ಗುರುತೂ ಪರವಾನಗಿ ಸಂಖ್ಯೆಯೂ ಇರಬೇಕು. ಐಎಸ್ 303 ಸಾಮಾನ್ಯ ಬಳಕೆಯದು: ಅದರಲ್ಲಿ ಎಂಆರ್ ಎಂದಿದ್ದರೆ ಒಣ ಕೋಣೆಗೆ, ಬಿಡಬ್ಲ್ಯೂಆರ್ ಎಂದಿದ್ದರೆ ಅಡುಗೆಮನೆಗೆ. ಐಎಸ್ 710 ನೀರಿನ ಜಾಗಕ್ಕೆ. ಮಾರುವವರ ಬಾಯಲ್ಲಿ ಬರುವ "ವಾಟರ್‌ಪ್ರೂಫ್" ಎಂಬ ಮಾತನ್ನಲ್ಲ, ಈ ಸಂಖ್ಯೆಯನ್ನು ನಂಬಿ.

ಹಂತ 3: ಮರ ಮನೆಗೆ ಹೊಂದಿಕೊಳ್ಳಲಿ

ತಂದ ದಿನವೇ ಕೊಯ್ಯಲು ಕೂರಬೇಡಿ. ಮಳೆಗಾಲದಲ್ಲಿ ಹೊರಗಿಟ್ಟ ಹಪ್ಪಳದಂತೆ ಮರವೂ ಗಾಳಿಯ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಮಂಗಳೂರಿನ ಮನೆಯ ಗಾಳಿಯಲ್ಲಿರುವಷ್ಟು ತೇವ ಕಲಬುರಗಿಯ ಮನೆಯಲ್ಲಿಲ್ಲ. ಆದ್ದರಿಂದ ಕೆಲಸ ನಡೆಯುವ ಕೋಣೆಯಲ್ಲೇ, ನೆಲದ ಮೇಲೆ ಎರಡು ಮೂರು ರೀಪರ್ ತುಂಡಿಟ್ಟು ಅವುಗಳ ಮೇಲೆ ಹಲಗೆ ಮಲಗಿಸಿ. ಮೇಲೂ ಕೆಳಗೂ ಗಾಳಿ ಆಡಬೇಕು. ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ.

ಎಷ್ಟು ದಿನ ಎಂಬುದಕ್ಕೆ ಅಡುಗೆಮನೆಯ ತಕ್ಕಡಿಯೇ ಉತ್ತರ ಹೇಳುತ್ತದೆ. ಹಲಗೆಯ ತುದಿಯಿಂದ ಒಂದು ಸಣ್ಣ ತುಂಡು ಕೊಯ್ದು ಜೊತೆಗೇ ಇಡಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವ ತನಕ ಮರ ಒಣಗುತ್ತಿದೆ ಎಂದರ್ಥ. ಸಣ್ಣ ತುಂಡು ಬೇಗ ಒಣಗುವುದರಿಂದ, ಅದರ ತೂಕ ನಿಂತ ಮೇಲೂ ಒಂದೆರಡು ವಾರ ತಡೆಯಿರಿ. ಹಸಿ ಮರವನ್ನು ನೆರಳಲ್ಲಿ ಒಣಗಿಸುವುದಾದರೆ 1 ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಹೊಸಬರು ಒಣಗಿದ ಮರವನ್ನೇ ಕೊಳ್ಳುವುದು ಮೇಲು.

ಹಂತ 4: ಸಲಕರಣೆ

ಮಣೆಗೆ ಬೇಕಾದದ್ದು ಇಷ್ಟು: 12 ಇಂಚಿನ ಉಕ್ಕಿನ ಸ್ಕೇಲು, 6 ಇಂಚಿನ ಮೂಲೆಮಟ್ಟ, ಗಟ್ಟಿ ಮೊನೆಯ ಪೆನ್ಸಿಲ್, ಒಂದು ಕೈಗರಗಸ, 12 ಮತ್ತು 25 ಮಿಲಿಮೀಟರಿನ ಎರಡು ಉಳಿ, ಕೊಡತಿ, ಒಂದು ಹತ್ತರಿ, ಸಾಣೆಕಲ್ಲು, ಡ್ರಿಲ್ ಮತ್ತು 3, 5, 12 ಮಿಲಿಮೀಟರಿನ ಬಿಟ್ಟುಗಳು, ಕೊರೆದ ತೂತನ್ನು ನೀಳವಾಗಿಸಲು ಸಣ್ಣ ದುಂಡು ಅರ, ಸ್ಕ್ರೂಡ್ರೈವರ್, ಎರಡು ಸಿ-ಕ್ಲಾಂಪು. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಜೆಪಿ ರಸ್ತೆಯಲ್ಲಿ ಸಿಗುತ್ತವೆ. ಜಿಲ್ಲಾ ಕೇಂದ್ರಗಳ ಹಳೆಯ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತವೆ. ಸಾಧ್ಯವಾದಷ್ಟೂ ಅಂಗಡಿಗೇ ಹೋಗಿ. ಕೈಯಲ್ಲಿ ಹಿಡಿದು ನೋಡದೆ ಮೂಲೆಮಟ್ಟ, ಹತ್ತರಿ ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಮೂಲೆಮಟ್ಟ ಸರಿಯಿದೆಯೇ ಎಂದು ನೋಡುವ ಬಗೆ ಹೀಗೆ. ನೇರ ಅಂಚಿನ ಒಂದು ಹಲಗೆಗೆ ಅದನ್ನು ಒತ್ತಿ ಹಿಡಿದು ಗೆರೆ ಎಳೆಯಿರಿ. ಈಗ ಮಟ್ಟವನ್ನು ಮಗುಚಿ, ಅದೇ ಅಂಚಿಗೆ ಒತ್ತಿ, ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಮಟ್ಟ ಸರಿಯಿದೆ. ಕವಲೊಡೆದರೆ ಬೇರೆ ಕೊಡಿ ಎನ್ನಿ. ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗರಗಸದಲ್ಲಿ ಇಂಚಿಗೆ 10ರಿಂದ 12 ಹಲ್ಲು ಇರಲಿ. ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದನ್ನು ಸುಟ್ಟು ಗಟ್ಟಿ ಮಾಡಿದ್ದಾರೆ ಎಂದು ತಿಳಿಯಿರಿ. ಬಹಳ ಕಾಲ ಹರಿತ ಉಳಿಯುತ್ತದೆ, ಆದರೆ ಒಮ್ಮೆ ಮೊಂಡಾದರೆ ಅರ ಹಿಡಿಯುವುದಿಲ್ಲ. ಸಾದಾ ಗರಗಸವನ್ನು ಮೂರು ಮೂಲೆಯ ಅರದಿಂದ ಮತ್ತೆ ಮತ್ತೆ ಹರಿತ ಮಾಡಿಕೊಳ್ಳಬಹುದು. ಕಲಿಯುವವರಿಗೆ ಮೊದಲನೆಯದೇ ಸಾಕು.

ಹತ್ತರಿಯಲ್ಲಿ ಎರಡು ಬಗೆ. ಮರದ ಮೈಯ ಹಳೆಯ ಹತ್ತರಿಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊಂದಿಸಬೇಕು. ಕೈ ಪಳಗಿದವರಿಗೆ ಅದು ಒಳ್ಳೆಯದು. ಕಬ್ಬಿಣದ ಮೈಯ 4ನೇ ನಂಬರಿನದರಲ್ಲಿ ಅಲಗನ್ನು ತಿರುಪು ತಿರುಗಿಸಿ ಏರಿಸಿ ಇಳಿಸಬಹುದು, ಹೊಸಬರಿಗೆ ಅದೇ ಸುಲಭ. ಕೊಳ್ಳುವ ಮುನ್ನ ಅದರ ತಳಕ್ಕೆ ಉಕ್ಕಿನ ಸ್ಕೇಲಿನ ಅಂಚನ್ನು ಆನಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ತಳ ಸಮವಿಲ್ಲ.

ಯಂತ್ರಗಳಲ್ಲಿ ಈಗ ಕೊಳ್ಳಬೇಕಾದದ್ದು ಡ್ರಿಲ್ ಒಂದೇ. ಬ್ಯಾಟರಿಯ 12 ವೋಲ್ಟಿನದಾದರೂ ಸಾಕು. ಕೊಯ್ಯುವ ಯಂತ್ರ ಬೇಡ. ಅದಕ್ಕಿಂತ ಮುಖ್ಯವಾಗಿ, ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಹಲ್ಲಿನ ಬಿಲ್ಲೆ ಹಾಕಿ ಮರ ಕೊಯ್ಯುವುದನ್ನು ಕಟ್ಟಡದ ಕೆಲಸದ ಕಡೆ ನೀವು ನೋಡಿರಬಹುದು. ಅದನ್ನು ಯಾವತ್ತೂ ಮಾಡಬೇಡಿ. ಹಲ್ಲು ಮರಕ್ಕೆ ಸಿಕ್ಕಿಕೊಂಡ ಕ್ಷಣ ಯಂತ್ರ ಕೈಯಿಂದ ಹಾರಿ ಮೈಮೇಲೆ ಬರುತ್ತದೆ. ಮುಖ, ಕುತ್ತಿಗೆ ಸೀಳಿದ ಅಪಘಾತಗಳು ಹೀಗೆಯೇ ಆಗುವುದು.

ಹಂತ 5: ಸಾಣೆ

ಹೊಸ ಉಳಿ ಅಂಗಡಿಯಿಂದ ಬರುವಾಗ ಹರಿತವಾಗಿರುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಮರ ಗಟ್ಟಿಯೆಂದೋ ತಮ್ಮ ಕೈಯಲ್ಲಿ ಬಲವಿಲ್ಲವೆಂದೋ ಕೈಬಿಡುತ್ತಾರೆ. ಮೊಂಡು ಉಳಿಯಿಂದಲೇ ಗಾಯ ಹೆಚ್ಚು, ಏಕೆಂದರೆ ಅದನ್ನು ಬಲ ಹಾಕಿ ತಳ್ಳಬೇಕಾಗುತ್ತದೆ, ಜಾರಿದಾಗ ಅಷ್ಟೂ ಬಲ ಎಡಗೈ ಮೇಲೆ ಬರುತ್ತದೆ. ಈ ಹಂತಕ್ಕೆ ಒಂದು ಇಡೀ ಭಾನುವಾರ ಮೀಸಲಿಡಿ.

ಒಂದು ಬದಿ ಒರಟು, ಇನ್ನೊಂದು ಬದಿ ನಯ ಇರುವ ಸಾಣೆಕಲ್ಲು ಸಾಕು. ಎಣ್ಣೆ ಹಾಕುವ ಕಲ್ಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ, ನೀರಿನ ಕಲ್ಲಿಗೆ ನೀರು. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಬೇಡಿ. ಕಲ್ಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ.

ಮೊದಲು ಉಳಿಯ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ತುದಿಯ 1 ಇಂಚು ಭಾಗ ಒಂದೇ ಸಮನೆ ಹೊಳೆಯುವ ತನಕ ಉಜ್ಜಿ. ಹೊಸ ಉಳಿಗೆ ಇದೇ ಬಹಳ ಹೊತ್ತು ಹಿಡಿಯುತ್ತದೆ. ಒಮ್ಮೆ ಮಾಡಿದರೆ ಉಳಿಯ ಆಯುಷ್ಯಕ್ಕೆಲ್ಲ ಆಯಿತು. ನಂತರ ಇಳಿಜಾರಿನ ಬದಿ. ಅದು 25 ಡಿಗ್ರಿಯ ಕೋನದಲ್ಲಿರುತ್ತದೆ. ಇಳಿಜಾರನ್ನು ಕಲ್ಲಿಗೆ ಸಮವಾಗಿ ಕೂರಿಸಿ, ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದರೆ ತುದಿ ಮಾತ್ರ ಸುಮಾರು 30 ಡಿಗ್ರಿಯಲ್ಲಿ ತಾಗುತ್ತದೆ. ಆ ಕೋನ ಕದಲದಂತೆ, ಮಣಿಕಟ್ಟು ಬಿಗಿ ಹಿಡಿದು ತೋಳನ್ನಷ್ಟೇ ಆಡಿಸಿ ಉಜ್ಜಿ. ಕೋನ ಹಿಡಿಯಲು ಬಾರದಿದ್ದರೆ ಉಳಿಯನ್ನು ಸಿಕ್ಕಿಸುವ ಚಕ್ರದ ಸಣ್ಣ ಗೈಡ್ ಸಿಗುತ್ತದೆ. ಅದನ್ನು ಬಳಸಲು ಯಾವ ಸಂಕೋಚವೂ ಬೇಡ.

ಒಂದಷ್ಟು ಉಜ್ಜಿದ ಮೇಲೆ ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಹಗುರವಾಗಿ ಬೆರಳು ಸವರಿ. ಉದ್ದಕ್ಕೂ ಒರಟಾದ ಕೂದಲಿನಂಥ ಎಳೆಯೊಂದು ಬೆರಳಿಗೆ ತಾಗಬೇಕು. ಅದು ತಾಗಿದರೆ ಇಳಿಜಾರು ಅಂಚಿನ ಕೊನೆಯವರೆಗೂ ಸವೆದಿದೆ. ತಾಗದಿದ್ದರೆ ಇನ್ನೂ ಉಜ್ಜಬೇಕು. ಎಳೆ ಎದ್ದ ಮೇಲೆ ಕಲ್ಲಿನ ನಯವಾದ ಬದಿಗೆ ಬಂದು ಅದನ್ನೇ ಮಾಡಿ, ಕೊನೆಗೆ ಬೆನ್ನನ್ನು ಮಲಗಿಸಿ ನಾಲ್ಕು ಸಲ ಎಳೆದು ಆ ಎಳೆಯನ್ನು ಕಳೆಯಿರಿ. ಹಳೆಯ ಬೆಲ್ಟಿನ ಚರ್ಮದ ಒಳಬದಿಗೆ ಹಿಮ್ಮುಖವಾಗಿ ಹತ್ತು ಸಲ ಉಜ್ಜಿದರೆ ಇನ್ನೂ ನಯ. ಪರೀಕ್ಷೆ ಇಷ್ಟೇ: ಪೈನ್ ತುಂಡಿನ ತುದಿಯನ್ನು, ಅಂದರೆ ನಾರು ಕಡಿದು ನಿಂತ ಮುಖವನ್ನು, ಉಳಿಯಿಂದ ತೆಳುವಾಗಿ ಸವರಿ. ಪುಡಿಯಾಗದೆ ಪೊರೆಯಂತೆ ಎದ್ದು, ಹಿಂದೆ ಹೊಳೆಯುವ ಮೈ ಬಿಟ್ಟರೆ ಉಳಿ ಸಿದ್ಧವಾಯಿತು. ಹತ್ತರಿಯ ಅಲಗಿಗೂ ಇದೇ ಕ್ರಮ.

ನಿಮ್ಮ ಊರಿನಲ್ಲಿ ಕೈ ಸಲಕರಣೆ ಬಳಸುವ ಹಿರಿಯ ಆಚಾರ್ರು ಯಾರಾದರೂ ಇದ್ದರೆ ಅರ್ಧ ದಿನದ ಕೂಲಿ ಕೊಟ್ಟು ಅವರಿಂದ ಸಾಣೆ ಹಿಡಿಯುವುದನ್ನು ಕಲಿಯಿರಿ. ಅವರ ಮಣಿಕಟ್ಟು ಹೇಗೆ ನಿಲ್ಲುತ್ತದೆ ಎಂಬುದನ್ನು ಪಕ್ಕದಲ್ಲಿ ಕೂತು ನೋಡಿದರೆ ತಿಳಿಯುವಷ್ಟು ಬರಹದಿಂದ ತಿಳಿಯುವುದಿಲ್ಲ. ಆ ವಿದ್ಯೆಗೆ ಬೆಲೆ ಕೊಟ್ಟೇ ಕಲಿಯಬೇಕು ಎಂಬುದೂ ನನ್ನ ಒತ್ತಾಯ.

ಹಂತ 6: ಗುರುತು ಹಾಕಿ ಕೊಯ್ಯುವುದು

ನಮ್ಮ ಬಡಗಿಗಳು ನೆಲದ ಮೇಲೆ ಕೂತು, ಕಾಲಿನಿಂದ ಮರ ಒತ್ತಿ ಹಿಡಿದು ಕೆಲಸ ಮಾಡುತ್ತ ಬಂದಿದ್ದಾರೆ. ಅದಕ್ಕೆ ವರ್ಷಗಟ್ಟಲೆ ಪಳಗಿದ ಮೈ ಬೇಕು. ನೀವು ಅಲ್ಲಾಡದ ಭಾರವಾದ ಮೇಜಿಗೆ ಹಲಗೆಯನ್ನು ಎರಡು ಕ್ಲಾಂಪಿನಿಂದ ಬಿಗಿದು ನಿಂತು ಕೆಲಸ ಮಾಡಿ. ಕ್ಲಾಂಪು ಮತ್ತು ಹಲಗೆಯ ನಡುವೆ ಬೇಡದ ಮರದ ಚೂರು ಇಟ್ಟರೆ ಕಲೆ ಬೀಳುವುದಿಲ್ಲ.

ಹಲಗೆಯ ನೇರವಾದ ಒಂದು ಅಂಚನ್ನು ಆರಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಇನ್ನು ಮುಂದೆ ಎಲ್ಲ ಅಳತೆಯೂ, ಮೂಲೆಮಟ್ಟ ಆನಿಸುವುದೂ ಆ ಅಂಚಿನಿಂದಲೇ. ಬಿರುಕಿನ ತುದಿಯನ್ನು ಮೊದಲು ತೆಗೆಯಿರಿ. ಆ ತುಂಡಿನ ಮೇಲೆ ಕೊಯ್ಯುವುದನ್ನು ಸಾಕೆನಿಸುವಷ್ಟು ಅಭ್ಯಾಸ ಮಾಡಿ. ಗೆರೆಯನ್ನು ಹಲಗೆಯ ಮೇಲ್ಮೈಯಲ್ಲಿ ಮಾತ್ರವಲ್ಲ, ಅಂಚಿನ ಮೇಲೂ ಇಳಿಸಿ. ಗರಗಸ ಗೆರೆಯ ಮೇಲೆ ಓಡಬಾರದು, ಬೇಡದ ತುಂಡಿನ ಕಡೆ ಗೆರೆಗೆ ತಾಗಿಕೊಂಡು ಓಡಬೇಕು. ಹಲ್ಲು ತಿನ್ನುವ ಒಂದೂವರೆ ಮಿಲಿಮೀಟರ್ ಬೇಡದ ಕಡೆಯಿಂದ ಹೋಗಲಿ.

ಶುರುವಿನಲ್ಲಿ ಎರಡು ಮೂರು ಸಲ ಹಿಂದಕ್ಕೆ ಎಳೆದು ಕಚ್ಚು ಮಾಡಿಕೊಳ್ಳಿ. ತೋರುಬೆರಳು ಗರಗಸದ ಉದ್ದಕ್ಕೆ ಚಾಚಿರಲಿ, ಮೊಣಕೈ ಭುಜ ಗರಗಸ ಒಂದೇ ನೇರದಲ್ಲಿರಲಿ. ಒತ್ತಬೇಡಿ. ಗರಗಸದ ತೂಕವೇ ಕೊಯ್ಯುತ್ತದೆ. ಕೊನೆಯ ಇಂಚಿಗೆ ಬಂದಾಗ ತುಂಡಾಗುವ ಭಾಗವನ್ನು ಎಡಗೈಯಿಂದ ಆಧರಿಸಿ ಹಿಡಿಯದಿದ್ದರೆ ಅದು ತನ್ನ ಭಾರಕ್ಕೆ ಸೀಳಿಕೊಂಡು ಬೀಳುತ್ತದೆ. ಹೀಗೆ 18 ಇಂಚಿನ ಹಲಗೆ, ಬಳಿಕ 9 ಇಂಚಿನ ತುಂಡು, ಆ ತುಂಡಿನಿಂದ ನಾರಿನುದ್ದಕ್ಕೆ ಒಂದೂವರೆ ಇಂಚಿನ ಎರಡು ಪಟ್ಟಿ ಕೊಯ್ದುಕೊಳ್ಳಿ.

ಹಂತ 7: ಹತ್ತರಿ ಹೊಡೆಯುವುದು

ಅಗಲ ಹಲಗೆಯನ್ನು ಕೈಯಿಂದಲೇ ಸಮ ಮಾಡುವುದು ಹೊಸಬರಿಗೆ ಬಲು ದಣಿವಿನ ಕೆಲಸ. ಹಲಗೆ ಒಣಗಿ ನೆಲೆ ನಿಂತ ಮೇಲೆ, ಕೊಯ್ಯುವ ಮೊದಲೇ, ಹತ್ತಿರದ ಸಾಮಿಲ್ಲಿನಲ್ಲಿ ಎರಡೂ ಮುಖ ಯಂತ್ರದಲ್ಲಿ ಹೊಡೆಸಿಕೊಂಡು ಬಂದರೆ ತಪ್ಪೇನಿಲ್ಲ. ಯಂತ್ರ ಬಿಟ್ಟ ಅಲೆಯಲೆ ಗುರುತನ್ನು ತೆಗೆಯುವುದು, ಅಂಚುಗಳನ್ನು ನೇರ ಮಾಡುವುದು ನಿಮ್ಮ ಪಾಲಿಗಿರಲಿ.

ಅಲಗನ್ನು ಮೊದಲು ಪೂರ್ತಿ ಒಳಗೆ ಎಳೆದುಕೊಂಡು, ಮರದ ಮೇಲೆ ಹತ್ತರಿ ಓಡಿಸುತ್ತ, ಸಿಪ್ಪೆ ಬರುವ ತನಕ ಸ್ವಲ್ಪಸ್ವಲ್ಪವೇ ಹೊರಗೆ ಬಿಡಿ. ಬೆರಳಿಗೆ ಕಾಗದಕ್ಕಿಂತ ತೆಳುವೆನಿಸುವ ಸುರುಳಿ ಬರಬೇಕು. ಶುರುವಿನಲ್ಲಿ ಮುಂದಿನ ಕೈಗೆ ಒತ್ತು, ಕೊನೆಯಲ್ಲಿ ಹಿಂದಿನ ಕೈಗೆ. ಇಲ್ಲದಿದ್ದರೆ ಹಲಗೆಯ ಎರಡೂ ತುದಿ ಇಳಿಬೀಳುತ್ತವೆ. ಮೈ ಕಿತ್ತು ಬಂದಂತಾದರೆ ನಾರಿಗೆ ಎದುರಾಗಿ ಹೊಡೆಯುತ್ತಿದ್ದೀರಿ, ಹಲಗೆಯನ್ನು ತಿರುಗಿಸಿಡಿ. ಹಲಸಿನಲ್ಲಿ ಕೆಲವೊಮ್ಮೆ ಒಂದು ಪಟ್ಟಿ ಈ ಕಡೆ, ಮತ್ತೊಂದು ಪಟ್ಟಿ ಆ ಕಡೆ ನಾರು ಓಡಿರುತ್ತದೆ. ಅಂಥಲ್ಲಿ ಅಲಗನ್ನು ಮತ್ತೆ ಸಾಣೆ ಹಿಡಿದು, ಇನ್ನೂ ತೆಳುವಾಗಿ ತೆಗೆಯುವುದೇ ದಾರಿ. ತುದಿಯ ಮುಖಕ್ಕೆ ಹತ್ತರಿ ಹಾಕುವಾಗ ಎರಡೂ ಅಂಚಿನಿಂದ ನಡುವಿಗೆ ಬನ್ನಿ. ಆಚೆ ಅಂಚು ದಾಟಿ ಹೊಡೆದರೆ ಚಕ್ಕೆ ಏಳುತ್ತದೆ.

ಹಂತ 8: ಜೋಡಣೆ

ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಗಲಕ್ಕೆ ಹಿಗ್ಗುತ್ತದೆ. 10 ಇಂಚಿನ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಒಂದೆರಡು ಮಿಲಿಮೀಟರಿನಷ್ಟು ಅಗಲದಲ್ಲಿ ಬದಲಾಗಬಹುದು. ಅಡ್ಡಪಟ್ಟಿಯ ಉದ್ದ ಹಾಗೆ ಬದಲಾಗುವುದಿಲ್ಲ. ಪಟ್ಟಿಯ ಉದ್ದಕ್ಕೂ ಅಂಟು ಬಳಿದು ಬಿಗಿದರೆ ಬೇಸಿಗೆಯಲ್ಲಿ ಕುಗ್ಗಲು ಹವಣಿಸುವ ಹಲಗೆಗೆ ಎಡೆ ಇಲ್ಲದೆ ಅದು ನಡುವೆ ಸೀಳುತ್ತದೆ. ಮಣೆ, ಮೇಜು, ಬಾಗಿಲುಗಳು ಬಿರಿಯುವುದು ಬಹುಪಾಲು ಹೀಗೆ. ಮರದ ತಪ್ಪಲ್ಲ, ಜೋಡಿಸಿದ ಬಗೆಯದು.

ಹಾಗಾಗಿ ಪ್ರತಿ ಪಟ್ಟಿಗೆ ಮೂರು ಸ್ಕ್ರೂ: ಒಂದು ನಟ್ಟನಡುವೆ, ಇನ್ನೆರಡು ಪಟ್ಟಿಯ ತುದಿಗಳಿಂದ 1 ಇಂಚು ಒಳಗೆ. ಪಟ್ಟಿಯ ಕೆಳಗಿನ ಅಂಚಿನಿಂದ, ಅಂದರೆ ನೆಲಕ್ಕೆ ತಾಗುವ ಕಡೆಯಿಂದ, 12 ಮಿಲಿಮೀಟರಿನ ಬಿಟ್ಟಿನಲ್ಲಿ ಮುಕ್ಕಾಲು ಇಂಚು ಆಳ ಕೊರೆಯಿರಿ. ಆಳ ತಪ್ಪದಿರಲು ಬಿಟ್ಟಿಗೆ ಅಷ್ಟು ದೂರದಲ್ಲಿ ಬಣ್ಣದ ಟೇಪು ಸುತ್ತಿ. ಆ ತೂತಿನ ನಡುವಿನಿಂದ 5 ಮಿಲಿಮೀಟರಿನ ತೂತು ಪಟ್ಟಿಯ ಆಚೆಗೆ ಬರಲಿ. ನಡುವಿನದು ದುಂಡಗೇ ಇರಲಿ. ಬದಿಯ ಎರಡನ್ನು ಮಾತ್ರ ಪಟ್ಟಿಯ ಉದ್ದದ ದಿಕ್ಕಿಗೆ ದುಂಡು ಅರದಿಂದ ಉಜ್ಜಿ 8 ಮಿಲಿಮೀಟರಿನಷ್ಟು ನೀಳವಾಗಿಸಿ. ಸ್ಕ್ರೂ ಆ ಸೀಳಿನಲ್ಲಿ ಅತ್ತಿತ್ತ ಸರಿಯಲು ಜಾಗವಿದ್ದರೆ ಹಲಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ.

ಪಟ್ಟಿಗಳನ್ನು ಹಲಗೆಯ ಅಡಿಗೆ ಮೂಲೆಮಟ್ಟದಿಂದ ಹೊಂದಿಸಿ ಕ್ಲಾಂಪು ಹಾಕಿ, ತೂತುಗಳ ಮೂಲಕ ಹಲಗೆಗೆ ಗುರುತು ಮಾಡಿ. ನೀಳ ತೂತಿನಲ್ಲಿ ಗುರುತು ನಟ್ಟನಡುವೆ ಬರಲಿ. ಆ ಗುರುತಿನಲ್ಲಿ 3 ಮಿಲಿಮೀಟರಿನ ತೂತು, ಅರ್ಧ ಇಂಚು ಆಳಕ್ಕೆ ಮಾತ್ರ. ಇಲ್ಲೂ ಟೇಪು ಮರೆಯಬೇಡಿ, ಮಣೆಯ ಮೇಲ್ಮೈಯಲ್ಲಿ ಬಿಟ್ಟು ಮೂಡಿದರೆ ಮುಚ್ಚಲು ಬರುವುದಿಲ್ಲ. ಪಟ್ಟಿಯ ನಡುವಿನ 1 ಇಂಚಿನಷ್ಟು ಜಾಗಕ್ಕೆ ಮಾತ್ರ ಫೆವಿಕಾಲ್ ಹಚ್ಚಿ. 8ನೇ ನಂಬರಿನ, ಒಂದೂಕಾಲು ಇಂಚಿನ, ಗುಂಡು ತಲೆಯ ಸ್ಕ್ರೂಗಳಿಗೆ ಮೇಣದಬತ್ತಿ ಉಜ್ಜಿ ಕೈಯಿಂದಲೇ ತಿರುಗಿಸಿ. ನಡುವಿನದನ್ನು ಬಿಗಿಯಾಗಿ, ಬದಿಯವನ್ನು ತಲೆ ಕೂತೊಡನೆ ನಿಲ್ಲಿಸಿ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ; ಒಣಗಿದ ಅಂಟಿನ ಮೇಲೆ ಎಣ್ಣೆ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ. ಒಂದು ರಾತ್ರಿ ಕ್ಲಾಂಪಿನಲ್ಲೇ ಬಿಡಿ.

ಡ್ರಿಲ್ ಹಿಡಿಯುವಾಗ ಕನ್ನಡಕ ಇರಲಿ, ಕೈಗವಸು ಬೇಡ. ತಿರುಗುವ ಯಂತ್ರ ಬಟ್ಟೆಯ ಜೊತೆ ಬೆರಳನ್ನೂ ಎಳೆದುಕೊಳ್ಳುತ್ತದೆ. ದುಪಟ್ಟಾ, ಸೆರಗು, ಬಿಚ್ಚುಗೂದಲು ಕಟ್ಟಿಕೊಳ್ಳಿ.

ಹಂತ 9: ಉಜ್ಜುವುದು, ಎಣ್ಣೆ ಹಚ್ಚುವುದು

ಸ್ಯಾಂಡ್ ಪೇಪರ್ 120, 180, 240 ಈ ಕ್ರಮದಲ್ಲಿ, ಮರದ ಚೂರಿಗೆ ಸುತ್ತಿಕೊಂಡು, ನಾರಿನ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಚೂಪಾದ ಅಂಚು, ಮೂಲೆಗಳನ್ನು ಬೆರಳಿಗೆ ಹಿತವಾಗುವಷ್ಟು ಮೊಂಡು ಮಾಡಿ. ಮೂಗಿಗೆ ಮಾಸ್ಕ್ ಕಡ್ಡಾಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ.

ಮಣೆಗೆ ಪ್ಲಾಸ್ಟಿಕ್ಕಿನಂತೆ ಹೊಳೆಯುವ ಪಾಲಿಶ್ ನನಗೆ ಒಗ್ಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ ಸಾಕು. ಬಟ್ಟೆಯಿಂದ ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಒರೆಸದೆ ಬಿಟ್ಟರೆ ಅಂಟಂಟಾಗುತ್ತದೆ. ಒಂದು ದಿನ ಬಿಟ್ಟು ಇನ್ನೊಂದು ಸಲ, ಮತ್ತೊಂದು ದಿನ ಬಿಟ್ಟು ಮೂರನೆಯ ಸಲ. ಅಡಿಯ ಮುಖಕ್ಕೂ ಅಷ್ಟೇ ಎಣ್ಣೆ ಬೇಕು. ಒಂದೇ ಕಡೆ ಹಚ್ಚಿದರೆ ಇನ್ನೊಂದು ಕಡೆ ತೇವ ಹೀರಿ ಹಲಗೆ ಬಾಗುತ್ತದೆ. ಈ ಎಣ್ಣೆ ಬೇಗ ಒಣಗಲು ಲೋಹದ ಲವಣ ಬೆರೆಸಿರುತ್ತಾರೆ, ಹಾಗಾಗಿ ತರಕಾರಿ ಹೆಚ್ಚುವ ಹಲಗೆಗೆ ಇದನ್ನು ಹಚ್ಚಬೇಡಿ.

ಎಣ್ಣೆ ಒರೆಸಿದ ಬಟ್ಟೆಯ ವಿಚಾರದಲ್ಲಿ ಬಹಳ ಎಚ್ಚರ ಬೇಕು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಆ ಬಿಸಿ ಒಳಗೇ ಕೂಡಿ, ಕೆಲವು ಗಂಟೆಗಳಲ್ಲಿ ಕಿಡಿಯಿಲ್ಲದೆ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹೊರಗೆ ಬಿಡಿಬಿಡಿಯಾಗಿ ಹರವಿ ಗಟ್ಟಿಯಾಗುವಂತೆ ಒಣಗಿಸಿ ಅಥವಾ ನೀರಲ್ಲಿ ನೆನೆಸಿಟ್ಟು ಬಳಿಕ ಎಸೆಯಿರಿ. ಮನೆಯ ಉಳಿದವರಿಗೂ ಇದನ್ನು ಹೇಳಿಡಿ.

ಮಣೆಯನ್ನು ನೀರಲ್ಲಿ ನೆನೆಹಾಕಬೇಡಿ, ಬಿಸಿಲಿಗಿಡಬೇಡಿ, ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಿ. ಉಳಿದ ತುಂಡಿನಲ್ಲಿ ಬಿಸಿ ಪಾತ್ರೆ ಇಡುವ ಹಲಗೆ ಮಾಡಿ. ಅದಕ್ಕೆ ಹೊಸ ಸಲಕರಣೆ ಏನೂ ಬೇಕಿಲ್ಲ. ಆಮೇಲೆ ಪುಸ್ತಕದ ಗೂಡಿಗೆ ಕೈಹಾಕಿ. ಅದಕ್ಕೆ ಉದ್ದನೆಯ ಕ್ಲಾಂಪು ನಾಲ್ಕು, 6 ಮಿಲಿಮೀಟರಿನ ಉಳಿ ಒಂದು ಬೇಕಾಗುತ್ತದೆ. ಅವನ್ನು ಆಗ ಕೊಳ್ಳಿ, ಈಗಲೇ ಬೇಡ.